ಉದ್ರಿ ಪುಸ್ತಕವೂ ಉಬ್ಬಕ್ಷರದ ಕಾರ್ಡೂ

ಮಾನ್ಯರೇ,

ತೀರ್ಥಹಳ್ಳಿಯಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದ ತಮಗೆ 1999ರ ಮಳೆಗಾಲದಲ್ಲಿ ಮೊದಲ ಕ್ರೆಡಿಟ್ ಕಾರ್ಡ್ ಬಂದದ್ದು, ಮನೆಯವರು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದು, ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಆ ಕಾರ್ಡಿನಿಂದಲೇ 3,000 ರೂಪಾಯಿಯ ಗ್ರೈಂಡರ್ ಕೊಂಡದ್ದು, ಇವನ್ನೆಲ್ಲ ವಿವರಿಸಿ ಕೊನೆಗೊಂದು ಪ್ರಶ್ನೆ ಕೇಳಿದ್ದೀರಿ: ದಿನಸಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರು ಬರೆಸಲು ನಾಚುತ್ತಿದ್ದ ತಾವು, ಸಾಲದ್ದೇ ಆದ ಈ ಕಾರ್ಡನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಗೂ ಕೊಟ್ಟು ತೋರಿಸಿದ್ದೇಕೆ?

ಮೊದಲು ಒಂದು ಸಣ್ಣ ತಿದ್ದುಪಡಿ. ಕ್ರೆಡಿಟ್ ಕಾರ್ಡ್ ನಮ್ಮ ದೇಶಕ್ಕೆ 1991ರ ಉದಾರೀಕರಣದ ಜೊತೆಗೆ ಬಂತೆಂದು ತಾವು ಬರೆದಿರುವುದು ಸರಿಯಲ್ಲ. ಡೈನರ್ಸ್ ಕ್ಲಬ್ ಎಂಬ ಕಂಪನಿಯ ಕಾರ್ಡ್ 1961ರಲ್ಲಿಯೇ ಬಂದಿತ್ತು; ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ತನ್ನದೇ ಕಾರ್ಡ್ ಹೊರತಂದಿತ್ತು. ಆದರೆ ಅವು ನಮ್ಮಂಥ ತಿಂಗಳ ಸಂಬಳದವರ ಜೇಬಿಗೆ ಇಳಿಯಲು ತೊಂಬತ್ತರ ದಶಕವೇ ಬೇಕಾಯಿತು. ಎಸ್‌ಬಿಐ ಕಾರ್ಡ್ ಶುರುವಾದದ್ದು 1998ರಲ್ಲಿ.

ಇನ್ನು ತಮ್ಮ ಪ್ರಶ್ನೆ. ಮಲೆನಾಡಿಗೆ ಸಾಲ ಹೊಸದಾಗಿರಲಿಲ್ಲ. ಅಡಿಕೆ ವ್ಯಾಪಾರದ ಮಂಡಿಯಿಂದ ಮುಂಗಡ ತಂದು ಮಳೆಗಾಲ ದಾಟಿಸಿ, ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಅದೇ ಮಂಡಿಗೆ ಹಾಕಿ ಲೆಕ್ಕ ಚುಕ್ತಾ ಮಾಡುವ ಕ್ರಮದಲ್ಲಿಯೇ ನಮ್ಮ ಎಷ್ಟೋ ಮನೆಗಳು ನಡೆದವು. ಅಲ್ಲಿ ಹಣ ಕೊಡುವವರಿಗೆ ನಮ್ಮ ತೋಟವೆಷ್ಟು, ಈ ಸಲ ಕೊಳೆ ರೋಗ ಬಿದ್ದಿದೆಯೇ, ಮಗಳ ಮದುವೆ ಯಾವ ತಿಂಗಳು ಎಂಬುದೆಲ್ಲ ತಿಳಿದಿರುತ್ತಿತ್ತು. ತಿಳಿದಿದ್ದರಿಂದಲೇ ಸಾಲ ಹುಟ್ಟುತ್ತಿತ್ತು, ತಿಳಿದಿದ್ದರಿಂದಲೇ ನಾಚಿಕೆಯೂ ಆಗುತ್ತಿತ್ತು. ಕಾರ್ಡ್ ಕೊಟ್ಟವರು ನಮ್ಮ ಮುಖ ಕಂಡವರಲ್ಲ. ಸಂಬಳದ ಚೀಟಿಯೊಂದನ್ನು ನೋಡಿ ನಂಬಿದರು. ಉದ್ರಿ ಪುಸ್ತಕ ನಮ್ಮ ಬಾಕಿಯನ್ನು ಊರಿಗೆ ತೋರಿಸಿದರೆ, ಕಾರ್ಡ್ ಬಾಕಿಯನ್ನು ಮುಚ್ಚಿಟ್ಟು ಯೋಗ್ಯತೆಯನ್ನಷ್ಟೇ ತೋರಿಸುತ್ತಿತ್ತು. ತಾವು ಸ್ಟಾಫ್ ರೂಮಿನಲ್ಲಿ ತೋರಿಸಿದ್ದು ಆ ಯೋಗ್ಯತಾಪತ್ರವನ್ನೇ ಎಂದು ನನ್ನ ಭಾವನೆ. (ನನ್ನ ಮೊದಲ ಕಾರ್ಡಿನಲ್ಲಿ ಊರು, ತಂದೆ, ನಾನು ಎಂದು ಮೂರು ಹೆಸರು ಹಿಡಿಸಲಾರದೆ ಊರು ಪೂರ್ತಿಯಾಗಿ ಉಳಿದು ನಾನೇ ಅರ್ಧಕ್ಕೆ ತುಂಡಾಗಿದ್ದೆ. ಆದರೂ ತೋರಿಸದೆ ಬಿಡಲಿಲ್ಲ.)

ಅಂಗಡಿಯವರು ಕಾರ್ಡನ್ನು ‘ಉಜ್ಜಿದರು’ ಎಂದು ತಾವು ಬರೆದ ಮಾತು ಅಕ್ಷರಶಃ ನಿಜ. ಕಬ್ಬಿಣದ ಆ ಪುಟ್ಟ ಯಂತ್ರದಲ್ಲಿ ಕಾರ್ಡನ್ನಿಟ್ಟು, ಮೇಲೆ ಕಾರ್ಬನ್ ಹಾಳೆಯ ಚೀಟಿ ಹಾಸಿ, ಹಿಡಿಯನ್ನು ಅತ್ತಿಂದಿತ್ತ ಎಳೆದರೆ ಉಬ್ಬಿದ ಅಂಕಿಗಳು ಚೀಟಿಯ ಮೇಲೆ ಮೂಡುತ್ತಿದ್ದವು. ಒಂದು ಪ್ರತಿ ನಮಗೆ, ಒಂದು ಅಂಗಡಿಗೆ, ಒಂದು ಬ್ಯಾಂಕಿಗೆ. ಮೊತ್ತ ಒಂದು ಮಿತಿಯನ್ನು ಮೀರಿದರೆ ಅಂಗಡಿಯವರು ದೂರವಾಣಿಯಲ್ಲಿ ಅನುಮತಿ ಪಡೆಯಬೇಕಿತ್ತು. ಲೈನ್ ಸಿಗುವವರೆಗೆ ನಾವು ಕಳ್ಳರಂತೆ ಗಲ್ಲಾದ ಮುಂದೆ ನಿಲ್ಲಬೇಕಿತ್ತು. ಈಗ 5,000 ರೂಪಾಯಿವರೆಗೆ ಪಿನ್ ಸಹ ಒತ್ತದೆ ಕಾರ್ಡ್ ತಾಗಿಸಿದರೆ ಸಾಕು. ಆದರೂ ನಮ್ಮ ಬಾಯಲ್ಲಿ ಅದು ಉಜ್ಜುವುದೇ.

ತಮ್ಮ ಪತ್ರದ ಒಂದು ವಾಕ್ಯ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಕನಿಷ್ಠ ಬಾಕಿಯೆಂದು 150 ರೂಪಾಯಿ ಕಟ್ಟಿ ನಿಶ್ಚಿಂತೆಯಿಂದಿದ್ದ ಆ ದಿನಗಳೇ ಚೆನ್ನಾಗಿದ್ದವು ಎಂದಿದ್ದೀರಿ. ಬಡ್ಡಿ ತಿಂಗಳಿಗೆ ಶೇ. 3 ಎಂದಿಟ್ಟುಕೊಂಡರೂ 3,000ಕ್ಕೆ 90 ರೂಪಾಯಿ ಅಲ್ಲಿಗೇ ಹೋಗಿ, ಅಸಲಿಗೆ ಸೇರಿದ್ದು 60 ಮಾತ್ರ. ಪೂರ್ತಿ ಕಟ್ಟದವರಿಗೆ ಬಡ್ಡಿರಹಿತ ದಿನಗಳ ಸವಲತ್ತು ಇರುವುದಿಲ್ಲ. ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಏರುತ್ತದೆ. ಅದು ನಿಶ್ಚಿಂತೆಯಲ್ಲ, ಲೆಕ್ಕ ನೋಡದಿದ್ದುದು ಅಷ್ಟೇ.

ಪೂರ್ತಿ ಕಟ್ಟಲು ಹೊರಟವರ ಪಾಡೂ ಸುಖದ್ದೇನಲ್ಲ. ನಾನು ಶಿವಮೊಗ್ಗದ ಖಾತೆಯ ಚೆಕ್ಕನ್ನು ಗಡುವಿಗೆ ಒಂದು ವಾರ ಮೊದಲೇ ಅಂಚೆಗೆ ಹಾಕುತ್ತಿದ್ದೆ. ಆದರೆ ಹೊರ ಊರಿನ ಚೆಕ್ ಎಂದು ಅದು ವಸೂಲಾಗುವ ಹೊತ್ತಿಗೆ ಗಡುವು ದಾಟಿರುತ್ತಿತ್ತು. ಒಂದು ಆಷಾಢದಲ್ಲಿ ಹೀಗೆಯೇ ಆಗಿ, ವಿಳಂಬ ಶುಲ್ಕ, ಅದರ ಬೆನ್ನಿಗೆ ಬಡ್ಡಿ, ಇವೆರಡಕ್ಕೂ ವಿವರಣೆ ಕೇಳಿ ನಾನು ಬರೆದ ಮೂರು ಪತ್ರಗಳಿಗೆ ಬಂದದ್ದು ಒಂದೇ ಅಚ್ಚಿನ ಮೂರು ಉತ್ತರಗಳು. ಮಂಡಿಯವರಾಗಿದ್ದರೆ ಮಳೆ ನೋಡಿ ಎರಡು ವಾರ ಕಾಯುತ್ತಿದ್ದರು ಎಂದು ಆಗ ಅನ್ನಿಸಿದ್ದುಂಟು; ಮುಖ ಕಾಣದವರಿಂದ ಸಾಲ ತಂದವನು ಮುಖ ನೋಡಿ ಕಾಯಿರಿ ಎಂದು ಹೇಗೆ ಕೇಳುವುದು? 2005ರ ಕೊನೆಗೆ, ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದಕ್ಕೆ ನೇರವಾಗಿ ಹಣ ಕಳುಹಿಸುವ ನೆಫ್ಟ್ ವ್ಯವಸ್ಥೆ ಬಂದು, ಕ್ರಮೇಣ ನಮ್ಮ ಶಾಖೆಗೂ ತಲುಪಿದ ಮೇಲೆ ಈ ಚೆಕ್ಕಿನ ಕಾಟ ತಪ್ಪಿತು.

ಪತ್ರದ ಜೊತೆ ಕಳುಹಿಸಿದ ಗ್ರೈಂಡರಿನ ಚೀಟಿಯನ್ನು ಅಚ್ಚು ಹಾಕಬೇಕೆಂದು ಕೋರಿದ್ದೀರಿ. ಇಂದಿನ ಅಂಗಡಿ ರಸೀದಿಗಳು ವರ್ಷದೊಳಗೆ ಬಿಳಿಚಿಕೊಳ್ಳುತ್ತವೆ. ತಮ್ಮ ಕಾರ್ಬನ್ ಪ್ರತಿಯಲ್ಲಿ ಸಹಿಯೂ ಹದಿನಾರು ಅಂಕಿಗಳೂ ಇನ್ನೂ ಸ್ಪಷ್ಟವಾಗಿವೆ. ಆ ಕಾರಣಕ್ಕಾಗಿಯೇ, ಕಾರ್ಡ್ ಎಂದೋ ರದ್ದಾಗಿದ್ದರೂ, ಅದನ್ನು ಅಚ್ಚು ಹಾಕುತ್ತಿಲ್ಲ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಹಿಂದಿರುಗಿಸಿದ್ದೇವೆ.

ಇಂತು,
ಸಂಪಾದಕ