‘ವಿ’ಯ ಪಕ್ಕದ ‘ಟಿ’

ಪ್ರಶ್ನೆ: ಬಿದ್ದು ತಲೆಗೆ ಪೆಟ್ಟಾದ ನಮ್ಮ ತಂದೆಯವರಿಗೆ ಶಸ್ತ್ರಚಿಕಿತ್ಸೆಯಾಗಿ ಆರು ದಿನಗಳಾದವು. ಇನ್ನೂ ಐಸಿಯುನಲ್ಲಿದ್ದಾರೆ. ಕೇಸ್ ಶೀಟಿನಲ್ಲಿ ‘ಎಸ್‌ಡಿಎಚ್’, ‘ಕ್ರೇನಿಯೆಕ್ಟಮಿ’ ಎಂದೂ, ನಿನ್ನೆಯ ತಾರೀಖಿನಲ್ಲಿ ‘ಜಿಸಿಎಸ್ ಇ2 ವಿಟಿ ಎಂ5’ ಎಂದೂ ಬರೆದಿದ್ದಾರೆ. ‘ವಿ’ ಎಂದರೆ ಮಾತಂತೆ. ಅದರ ಮುಂದೆ ಅಂಕಿಯೇ ಇಲ್ಲ. ಅಪ್ಪನ ಮಾತು ಹೋಯಿತೆಂದು ಅಮ್ಮ ಅಳುತ್ತಿದ್ದಾರೆ. ದಯವಿಟ್ಟು ಇವುಗಳ ಅರ್ಥ ತಿಳಿಸಿ.

ಉತ್ತರ: ಮೊದಲು ನಿಮ್ಮ ತಾಯಿಯವರಿಗೆ ಧೈರ್ಯ ಹೇಳಿ. ಆ ‘ಟಿ’ಗೆ ಮಾತು ಹೋಗಿದೆ ಎಂಬ ಅರ್ಥವಿಲ್ಲ, ಅದು ಟ್ಯೂಬ್ ಎಂಬುದರ ಮೊದಲ ಅಕ್ಷರ. ಉಸಿರಾಟಕ್ಕಾಗಿ ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಕೊಳವೆ ಧ್ವನಿತಂತುಗಳ ನಡುವೆಯೇ ಹಾದುಹೋಗುವುದರಿಂದ, ಪೂರ್ತಿ ಎಚ್ಚರವಿರುವವರೂ ಆಗ ದನಿ ಹೊರಡಿಸಲಾರರು. ಮಾತನ್ನು ಪರೀಕ್ಷಿಸಲು ಆಗಲಿಲ್ಲ ಎಂದು ತಿಳಿಸಲು ಅಂಕಿಯ ಜಾಗದಲ್ಲಿ ‘ಟಿ’ ಬರೆಯುತ್ತಾರೆ, ಅಷ್ಟೆ.

ಜಿಸಿಎಸ್ ಎಂದರೆ ಗ್ಲಾಸ್ಗೋ ಕೋಮಾ ಸ್ಕೇಲ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ವೈದ್ಯರು 1974ರಲ್ಲಿ ಪ್ರಕಟಿಸಿದ, ರೋಗಿಗೆ ಎಷ್ಟು ಎಚ್ಚರವಿದೆ ಎಂದು ತಿಳಿಸುವ ಅಳತೆಯಿದು. ಕಣ್ಣು ತೆರೆಯುವುದಕ್ಕೆ (ಇ) ಹೆಚ್ಚೆಂದರೆ 4, ಮಾತಿಗೆ (ವಿ) 5, ಕೈಕಾಲುಗಳ ಚಲನೆಗೆ (ಎಂ) 6 ಅಂಕ. ಒಂದೊಂದರಲ್ಲೂ ಕನಿಷ್ಠ 1 ಇರುವುದರಿಂದ ಮೊತ್ತ 3ಕ್ಕಿಂತ ಕೆಳಗಿಳಿಯುವುದಿಲ್ಲ.

ನಿಮ್ಮ ತಂದೆಯವರು ಕರೆದರೆ ಕಣ್ಣು ತೆರೆಯುತ್ತಿಲ್ಲ, ಉಗುರನ್ನು ಒತ್ತಿದರೆ ತೆರೆಯುತ್ತಾರೆ ಎಂಬುದು ಇ2. ಎಂ5 ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಹುಬ್ಬಿನಡಿ ಕಣ್ಣುಗುಳಿಯ ಮೇಲಂಚನ್ನು ಹೆಬ್ಬೆರಳಿನಿಂದ ಒತ್ತಿದಾಗ ಅವರ ಕೈ ಹಾಸಿಗೆಯಿಂದ ಮೇಲೆದ್ದು, ಎದೆಯನ್ನು ದಾಟಿ, ಒತ್ತುತ್ತಿರುವ ಆ ಬೆರಳನ್ನೇ ಸರಿಸಲು ಹೋಗುತ್ತದೆ. ನೋವು ಎಲ್ಲಿದೆ ಎಂದು ಗುರುತಿಸಿ ಕೈಯನ್ನು ಅಲ್ಲಿಗೇ ಒಯ್ಯುವ ಕೆಲಸವನ್ನು ಮೆದುಳು ಮಾಡುತ್ತಿದೆ ಎಂದಾಯಿತು. ಸುಮ್ಮನೆ ಕೈ ಹಿಂದಕ್ಕೆಳೆದುಕೊಂಡಿದ್ದರೆ 4 ಬರೆಯುತ್ತಿದ್ದರು. ಆದ್ದರಿಂದಲೇ ಬರಿಯ ಮೊತ್ತವನ್ನು ಕೇಳಿ ಬರುವ ಬಂಧುಗಳಿಗೆ ನಾನು ಮೂರನ್ನೂ ಬಿಡಿಬಿಡಿಯಾಗಿ ಕೇಳಿ ಎನ್ನುತ್ತೇನೆ. ಒಂದೇ ಮೊತ್ತದ ಇಬ್ಬರು ರೋಗಿಗಳ ಸ್ಥಿತಿ ಬೇರೆಬೇರೆಯಾಗಿರಬಹುದು.

ಎಸ್‌ಡಿಎಚ್ ಎಂದರೆ ಸಬ್‌ಡ್ಯೂರಲ್ ಹೆಮಟೋಮಾ, ಮೆದುಳಿನ ಹೊರ ಹೊದಿಕೆಯಾದ ಡ್ಯೂರಾದ ಒಳಬದಿಯಲ್ಲಿ ಶೇಖರವಾದ ರಕ್ತ. ಇನ್ನು ಕ್ರೇನಿಯೆಕ್ಟಮಿ. ಇದನ್ನು ಕ್ರೇನಿಯಾಟಮಿ ಎಂದು ಓದಿಕೊಳ್ಳುವವರು ಬಹಳ, ವ್ಯತ್ಯಾಸ ಮಾತ್ರ ದೊಡ್ಡದು. ಕ್ರೇನಿಯಾಟಮಿಯಲ್ಲಿ ಬುರುಡೆಯ ತುಂಡನ್ನು ತೆಗೆದು, ಒಳಗಿನ ಕೆಲಸ ಮುಗಿದ ಮೇಲೆ ಅಲ್ಲೇ ಕೂರಿಸುತ್ತಾರೆ. ಕ್ರೇನಿಯೆಕ್ಟಮಿಯಲ್ಲಿ, ಬಾತಿರುವ ಮೆದುಳಿಗೆ ಜಾಗ ಬೇಕೆಂದು, ಅದನ್ನು ಹೊರಗೇ ಇಡುತ್ತಾರೆ. ಬಾವು ಇಳಿದು ರೋಗಿ ಚೇತರಿಸಿಕೊಂಡ ಮೇಲೆ ಕ್ರೇನಿಯೋಪ್ಲಾಸ್ಟಿ ಎಂಬ ಇನ್ನೊಂದು ಶಸ್ತ್ರಚಿಕಿತ್ಸೆಯಿಂದ ಆ ಜಾಗವನ್ನು ಮುಚ್ಚುತ್ತಾರೆ. ಅಲ್ಲಿಯವರೆಗೆ ಆ ಬದಿಯಲ್ಲಿ ಚರ್ಮದಡಿ ಮೂಳೆಯ ರಕ್ಷಣೆಯಿರುವುದಿಲ್ಲವಾದ್ದರಿಂದ, ತಲೆ ನೇವರಿಸುವಾಗಲೂ ಅಲ್ಲಿ ಒತ್ತಬಾರದೆಂದು ಮನೆಯವರಿಗೆಲ್ಲ ತಿಳಿಸಿ.

ನಾಳೆ ವೈದ್ಯರು ಸಿಕ್ಕಾಗ ಎರಡು ಮಾತು ಕೇಳಿ. ನಿದ್ರೆ ಬರಿಸುವ ಔಷಧ ಇನ್ನೂ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ಈ ಅಂಕಗಳು ನಿಜವಾದ ಸ್ಥಿತಿಗಿಂತ ಕಡಿಮೆ ಬಂದಿರಬಹುದು. ಎರಡನೆಯದು, ‘ಎರಡು ಬೆರಳು ತೋರಿಸಿ’ ಎಂದಾಗ ತೋರಿಸುತ್ತಾರೆಯೇ? ತೋರಿಸಿದ ದಿನ ಆ ಹಾಳೆಯಲ್ಲಿ ಎಂ6 ಎಂದು ಬರೆದಿರುತ್ತದೆ.