ಅಕ್ಕೋರಿಗೊಂದು ಪ್ರಶ್ನೆ: ದಿಬ್ಬದ ಕೆಳಗಿನ ನೆರೆಮನೆ

ಐರ್ಲೆಂಡಿನ ರೈತರು ಕಿನ್ನರಿಯರ ಗಿಡ ಕಡಿಯಲು ಹೆದರುತ್ತಾರೆ ಎಂದು ಹಿಂದೊಮ್ಮೆ ಈ ಪುಟದಲ್ಲಿ ಒಂದು ಸಾಲು ಬರೆದಿದ್ದೆ. ಅಡಿಕೆ ಕೊಳೆರೋಗದ ಬಗ್ಗೆ ಎರಡು ಪುಟ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ನಾಲ್ಕಕ್ಕೆ ಮಾತ್ರ ಇಲ್ಲಿ ಉತ್ತರ.

ಅಕ್ಕೋರೇ, ಮಗಳ ಕತೆಪುಸ್ತಕದಲ್ಲಿ ಕಿನ್ನರಿ ಅಂದರೆ ರೆಕ್ಕೆ ಇರುವ ಚಂದದ ಹುಡುಗಿ. ಅದಕ್ಕೆ ಹೆದರುವುದು ಏಕೆ? ಅವರು ದೇವರೋ, ದೆವ್ವವೋ? (ಓದುಗಿ, ಕುಮಟಾ)

ಆ ರೆಕ್ಕೆ ಇಂಗ್ಲೆಂಡಿನ ಚಿತ್ರಗಾರರು, ನಾಟಕದವರು ಅಂಟಿಸಿದ್ದು. ಐರ್ಲೆಂಡಿನ ಹಳ್ಳಿಯವರ ಕತೆಗಳಲ್ಲಿ ಅವರು ನೋಡಲು ನಮ್ಮ ಹಾಗೇ ಇರುತ್ತಾರೆ. ದನ ಸಾಕುತ್ತಾರೆ, ಮದುವೆ ಮಾಡುತ್ತಾರೆ, ಜಗಳವಾಡುತ್ತಾರೆ. ಮನೆ ಮಾತ್ರ ದಿಬ್ಬದ ಕೆಳಗೆ. ಅಲ್ಲಿನ ಭಾಷೆಯಲ್ಲಿ ದಿಬ್ಬಕ್ಕೆ ‘ಶೀ’ ಅನ್ನುತ್ತಾರೆ, ಇವರು ಶೀಯ ಜನ. ಆ ಹೆಸರನ್ನೂ ಸುಮ್ನೆ ಬಾಯಿಗೆ ತರುವುದಿಲ್ಲ. ‘ಒಳ್ಳೆಯ ಜನ’ ಅಂದುಬಿಡುತ್ತಾರೆ. ರಾತ್ರಿ ಹೊತ್ತು ‘ಹಾವು’ ಅಂದರೆ ನಮ್ಮ ಆಯಿ ಬಾಯಿ ಮುಚ್ಚಿಸಿ ‘ಹಗ್ಗ ಅನ್ನು’ ಎನ್ನುತ್ತಿದ್ದಳಲ್ಲ, ಹಾಗೆ.

ದೇವರೋ ಎಂಬುದಕ್ಕೆ ಉತ್ತರ ಅಷ್ಟು ಸುಲಭವಿಲ್ಲ. ಸುಮಾರು 11ನೇ ಶತಮಾನದಲ್ಲಿ ಐರಿಷ್ ಪಂಡಿತರು ತಮ್ಮ ದ್ವೀಪಕ್ಕೆ ಯಾರ್ಯಾರು ಬಂದು ನೆಲೆಸಿದರು ಎಂಬ ಪುರಾಣವನ್ನು ಕೂಡಿಸಿ ಬರೆದಿಟ್ಟರು. ಅದರಲ್ಲಿ ಟೂಹಾ ಡೇ ಡಾನನ್ ಎಂಬ ಕುಲ ಬರುತ್ತದೆ. ವಿದ್ಯೆ, ಮಾಟ, ಕಸುಬು ಎಲ್ಲದರಲ್ಲೂ ಗಟ್ಟಿಗರು. ಡಾಗ್ಡಾ, ಲೂ, ಬ್ರಿಜಿಡ್ ಎಲ್ಲ ಇವರ ಪೈಕಿ. ಹಿಂದೆ ಇವರೇ ದೇವರಾಗಿದ್ದರು, ಬರೆದವರು ಕ್ರೈಸ್ತರಾದ್ದರಿಂದ ಬರೇ ವೀರರಾದರು ಎಂದು ಬಹಳ ಜನ ತಿಳಿದವರು ಹೇಳುತ್ತಾರೆ. ಆಮೇಲೆ ಬಂದ ಮನುಷ್ಯರ ಕೈಯಲ್ಲಿ ಇವರು ಸೋತರು. ನೆಲದ ಮೇಲಿನ ಪಾಲು ಗೆದ್ದವರಿಗೆ, ಕೆಳಗಿನ ಪಾಲು ಸೋತವರಿಗೆ. ಹಾಗೆ ಕೆಳಗೆ ಹೋದವರೇ ಶೀಯ ಜನ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬಲೀಂದ್ರ. ಅವನನ್ನೂ ಕೆಳಗೇ ಕಳಿಸಿದ್ದು. ದೀಪಾವಳಿಗೆ ಮೇಲೆ ಬರುತ್ತಾನೆ, ಕೂರಿಸಿ, ಉಪಚರಿಸಿ, ಕಳಿಸಿಕೊಡುತ್ತೇವೆ. ಅಲ್ಲೂ ಅಕ್ಟೋಬರ್ 31ರ ರಾತ್ರಿ, ಚಳಿಗಾಲ ಶುರುವಾಗುವ ‘ಸೌಇನ್’ (Samhain) ಎಂಬ ಹಬ್ಬದ ಹೊತ್ತಿಗೆ, ದಿಬ್ಬಗಳ ಬಾಗಿಲು ತೆರೆಯುತ್ತದಂತೆ. ವಾಮನನಂಥ ಮೋಸವೂ ಉಂಟು! ಡಬ್ಲಿನ್ನಿನ ಉತ್ತರಕ್ಕೆ ನ್ಯೂಗ್ರೇಂಜ್ ಎಂಬ ದೊಡ್ಡ ಕಲ್ಲುದಿಬ್ಬವಿದೆ. ಕ್ರಿಸ್ತಪೂರ್ವ 3200ರ ಸುಮಾರಿಗೆ ಕಟ್ಟಿದ್ದು, ಈಜಿಪ್ಟಿನ ದೊಡ್ಡ ಪಿರಮಿಡ್ಡಿಗಿಂತ ಹಳೆಯದು. ಡಿಸೆಂಬರಿನ ಅತಿ ಸಣ್ಣ ಹಗಲಿನಲ್ಲಿ ಹುಟ್ಟುವ ಸೂರ್ಯನ ಬೆಳಕು ಅದರ ಗರ್ಭಗುಡಿಯಂಥ ಕೋಣೆಗೆ ನೇರ ಹೊಕ್ಕು ಸುಮಾರು 17 ನಿಮಿಷ ಇರುತ್ತದೆ. ಒಂದು ಕತೆಯಲ್ಲಿ ಇದು ಡಾಗ್ಡಾನ ಮನೆ. ಮಗ ಏಂಗಸ್ ಬಂದು ‘ಒಂದು ಹಗಲು, ಒಂದು ರಾತ್ರಿಗೆ ಕೊಡು’ ಅಂದ. ಅಪ್ಪ ಕೊಟ್ಟ. ಮರುದಿನ ಮಗ ಮನೆ ಬಿಡಲೇ ಇಲ್ಲ. ‘ಲೋಕ ನಡೆಯುವುದೇ ಹಗಲು-ರಾತ್ರಿಯಲ್ಲಿ, ನೀನು ಕೊಟ್ಟಿದ್ದೂ ಅದನ್ನೇ’ ಅಂದನಂತೆ. ಆಸ್ತಿ ಪಾಲಿನ ತಕರಾರು ಕಂಡ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೋಲುತ್ತದೆಂದು ಅವರು ನಮ್ಮಿಂದ ಕಲಿತರು, ನಾವು ಅವರಿಂದ ಕಲಿತೆವು ಎಂದು ಮಾತ್ರ ದಯವಿಟ್ಟು ಪತ್ರ ಬರೆಯಬೇಡಿ.

ನನ್ನನ್ನು ಕೇಳಿದರೆ, ಶೀಯ ಜನ ದೇವರೂ ಅಲ್ಲ, ದೆವ್ವವೂ ಅಲ್ಲ, ನೆರೆಮನೆಯವರು. ಬೇಲಿ ದಾಟದಿದ್ದರೆ ಅವರೂ ದಾಟುವುದಿಲ್ಲ.

ಒಂದು ಗಿಡಕ್ಕಾಗಿ ಹೆದ್ದಾರಿಯನ್ನೇ ಬದಲಿಸಿದರಂತೆ. ನಿಜವಾ? (ಓದುಗರು, ಅಂಕೋಲಾ)

ನಿಜ. 1999ರಲ್ಲಿ, ಕ್ಲೇರ್ ಜಿಲ್ಲೆಯ ಲಾಟೂನ್ ಎಂಬಲ್ಲಿ. ಹಾಥಾರ್ನ್ ಎಂಬ ಮುಳ್ಳಿನ ಗಿಡ, ಮೇ ತಿಂಗಳಲ್ಲಿ ಮೈತುಂಬ ಬಿಳಿ ಹೂ ಬಿಡುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತಿದ್ದರೆ ಅದು ಶೀಯ ಜನರದ್ದು ಎಂದು ಲೆಕ್ಕ. ಎಡಿ ಲೆನಿಹನ್ ಎಂಬ ಕತೆಗಾರರು, ದಕ್ಷಿಣದ ಕಿನ್ನರ ದಂಡು ಯುದ್ಧಕ್ಕೆ ಹೋಗುವಾಗ ಸೇರುವ ಜಾಗ ಇದು, ಕಡಿದರೆ ಆ ರಸ್ತೆಯಲ್ಲಿ ಅಪಘಾತ ಆದೀತು ಎಂದು ಪತ್ರಿಕೆಗೆ ಬರೆದರು. ಊರೂರಲ್ಲಿ ಸುದ್ದಿಯಾಯಿತು. ಕೊನೆಗೆ ಎಂಜಿನಿಯರುಗಳು ಗಿಡವನ್ನು ಉಳಿಸಿಕೊಂಡೇ ರಸ್ತೆ ಮಾಡಿದರು. 2002ರಲ್ಲಿ ಯಾರೋ ಗರಗಸ ಹಾಕಿ ಕೊಂಬೆಗಳನ್ನೆಲ್ಲ ತೆಗೆದರು. ಗಿಡ ಮತ್ತೆ ಚಿಗುರಿತು.

ನಮ್ಮ ಊರಿನ ರಸ್ತೆ ಅಗಲವಾದಾಗ ಯಾರೂ ಪತ್ರಿಕೆಗೆ ಬರೆಯಲಿಲ್ಲ. ತಿರುವಿನಲ್ಲಿ ಮರದ ಬುಡಕ್ಕೆ ಚೌಡಿಯ ಕಲ್ಲಿತ್ತು. ಗುತ್ತಿಗೆಯವರು ರಾತ್ರೋರಾತ್ರಿ ಮರ ಉರುಳಿಸಿ, ಕಲ್ಲನ್ನು ಗಟಾರದ ಆಚೆ ಇಟ್ಟು ಹೋದರು. ಬೆಳಿಗ್ಗೆ ಆಯಿ ನೋಡಿ ಬಂದವಳು ಬೈಯಲಿಲ್ಲ, ಶಾಪ ಹಾಕಲಿಲ್ಲ. ‘ಒಂದು ಮಾತು ಕೇಳಬೇಕಾಗಿತ್ತು’ ಅಂದಳು, ಅಷ್ಟೇ. ಆ ವರ್ಷವೂ ದೀಪಾವಳಿಗೆ ಕಾಯಿ ಒಯ್ದಳು, ಗಟಾರ ದಾಟಿ.

ಡಬ್ಲಿನ್ನಿನಲ್ಲಿ ಕೆಲಸದಲ್ಲಿರುವ ಮಗ ಅಲ್ಲಿನ ಪೇಗನ್ (ಕ್ರೈಸ್ತ ಧರ್ಮಕ್ಕೂ ಹಿಂದಿನ ದೇವರುಗಳನ್ನು ಪೂಜಿಸುವವರ) ಗುಂಪಿಗೆ ಸೇರಿ ಬ್ರಿಜಿಡ್ ಎಂಬ ದೇವಿಗೆ ದೀಪ ಹಚ್ಚುತ್ತಾನೆ. ಮನೆದೇವರನ್ನು ಬಿಟ್ಟನಲ್ಲ ಎಂದು ನನಗೆ ನಿದ್ದೆ ಇಲ್ಲ. (ಹೆಸರು ಬೇಡ, ಕಾರವಾರ)

ಮೊದಲು ನಿದ್ದೆ ಮಾಡಿ. ಬ್ರಿಜಿಡ್ ಕೆಟ್ಟ ಸಹವಾಸವೇನಲ್ಲ. ಸುಮಾರು 900ರ ಹೊತ್ತಿನ ಒಂದು ಪದಕೋಶ ಅವಳನ್ನು ಡಾಗ್ಡಾನ ಮಗಳು, ಕವಿಗಳ ದೇವಿ ಅನ್ನುತ್ತದೆ. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು, ಒಬ್ಬಳದು ವೈದ್ಯ, ಇನ್ನೊಬ್ಬಳದು ಕಮ್ಮಾರಿಕೆ. ಕಿಲ್ಡೇರ್ ಎಂಬ ಊರಿನ ಕ್ರೈಸ್ತ ಸಂತಳ ಹೆಸರೂ ಬ್ರಿಜಿಡ್. ಇಬ್ಬರ ದಿನವೂ ಫೆಬ್ರವರಿ 1. ಅಲ್ಲಿ 1993ರಲ್ಲಿ ಅವಳ ಹೆಸರಿನ ಜ್ಯೋತಿಯನ್ನು ಮತ್ತೆ ಹಚ್ಚಿದವರು ಕ್ರೈಸ್ತ ಸನ್ಯಾಸಿನಿಯರೇ. 2023ರಿಂದ ಅವಳ ಹಬ್ಬಕ್ಕೆ ಇಡೀ ದೇಶಕ್ಕೆ ರಜೆ.

ಆದರೆ ಮಗ ‘ಇದು ಸಾವಿರಾರು ವರ್ಷದಿಂದ ನಡೆದುಬಂದ ಪೂಜೆ’ ಅಂದರೆ ಪೂರ್ತಿ ನಂಬಬೇಡಿ. ಪೇಗನ್ನರು ಆಚರಿಸುವ ವರ್ಷದ ಎಂಟು ಹಬ್ಬಗಳ ಚಕ್ರ 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೋಡಿಸಿದ್ದು. ಅದರಲ್ಲಿ ನಾಲ್ಕು ಐರ್ಲೆಂಡಿನ ಹಳೆಯ ಹಬ್ಬಗಳು ಹೌದು. ಹೊಸದಾದರೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನನಗೆ ಕಾಣುವ ವ್ಯತ್ಯಾಸ ಬೇರೆ. ಹಳ್ಳಿಯ ಮುದುಕರು ಭಾನುವಾರ ಚರ್ಚಿಗೆ ಹೋಗುತ್ತಿದ್ದರು, ದಿಬ್ಬದ ಜನರನ್ನು ಕರೆಯುತ್ತಿರಲಿಲ್ಲ, ದೂರವಿಡುತ್ತಿದ್ದರು. ಈಗಿನವರು ಪ್ರೀತಿಯಿಂದ ಕರೆಯುತ್ತಾರೆ. ಪೇಟೆಯವರಿಗೆ ಕಾಡಿನ ಮೇಲೆ ಪ್ರೀತಿ ಜಾಸ್ತಿ, ಅಲ್ವಾ?

ಹಳೆಯದೆಲ್ಲ ಚಂದವೂ ಅಲ್ಲ. 1895ರಲ್ಲಿ ಟಿಪರೆರಿಯಲ್ಲಿ ಬ್ರಿಜೆಟ್ ಕ್ಲೀರಿ ಎಂಬ 26ರ ಹೆಂಗಸನ್ನು ಗಂಡನೇ ಸುಟ್ಟ. ಇವಳು ನನ್ನ ಹೆಂಡತಿಯಲ್ಲ, ದಿಬ್ಬದವರು ಬದಲಿಸಿ ಇಟ್ಟು ಹೋದವಳು ಎಂಬುದು ಅವನ ಮಾತು. ಪಾಪ, ಅವಳಿಗೆ ಬಂದಿದ್ದು ಕಾಯಿಲೆ. ನಿಮ್ಮ ಮಗನ ಗುಂಪು ಕಾಯಿಲೆಗೆ ಡಾಕ್ಟರ ಹತ್ತಿರ ಹೋಗಬೇಡ ಅನ್ನುತ್ತದೆಯೇ? ದುಡ್ಡು ಕೇಳುತ್ತದೆಯೇ? ಅಷ್ಟು ವಿಚಾರಿಸಿ. ಇಲ್ಲ ಅಂದರೆ, ಬರುವ ಸಲ ಊರಿಗೆ ಬಂದಾಗ ಕಾಯಿ ಕೊಟ್ಟು ನಿಮ್ಮ ಜಟಗನ ಕಟ್ಟೆಗೆ ಕಳಿಸಿ. ಒಲ್ಲೆ ಅನ್ನಲಿಕ್ಕಿಲ್ಲ.

ಬಾನ್‌ಶೀ ನಮ್ಮ ಕಡೆಯೂ ಇದ್ದಾಳಾ? ಮನೆ ಹಿಂದೆ ರಾತ್ರಿ ಹೆಂಗಸು ಅತ್ತ ಹಾಗೆ ಕೇಳುತ್ತದೆ. (ಪಿಯುಸಿ ವಿದ್ಯಾರ್ಥಿ, ಸಿದ್ದಾಪುರ)

ಬಾನ್‌ಶೀ ಅಂದರೆ ‘ದಿಬ್ಬದ ಹೆಂಗಸು’. ಸಾವು ಬರುವ ಮುಂಚೆ ಅಳುತ್ತಾಳೆ, ಅದೂ ಕೆಲವು ಹಳೆಯ ಐರಿಷ್ ಮನೆತನಗಳಿಗೆ ಮಾತ್ರ. ನಿಮ್ಮದು ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಗೂಬೆ ಇರಬೇಕು, ಟಾರ್ಚ್ ಹಿಡಿದು ನೋಡಿ. ಒಬ್ಬನೇ ಹೋಗಬೇಡ ತಮ್ಮಾ, ಹಗ್ಗ ಇದ್ದೀತು.