ಐದು ತುಂಡಿನ ಟ್ರಾಮ್ ತಿರುವಿನಲ್ಲಿ ಯಾಕೆ ಹಳಿ ಬಿಡುತ್ತದೆ?

ಮಾರಾಯ್ರೆ, ನೀವು ಮನೆಯಲ್ಲಿ ಮಾಡಿದ ಐದು ತುಂಡಿನ ಟ್ರಾಮ್ ಮಾಡೆಲ್‌ನ ವಿಡಿಯೋ ಮೂರು ಸಲ ನೋಡಿದೆ. ನೇರ ಹಳಿಯಲ್ಲಿ ಚೆಂದ ಓಡುತ್ತದೆ. ತಿರುವು ಬಂದ ಕೂಡಲೇ ಎರಡನೇ ತುಂಡು ಹಳಿ ಬಿಟ್ಟು ಮೇಜಿನ ಮೇಲೆ ಮಲಗುತ್ತದೆ. ಬೇರೆ ಚಕ್ರ ತರಿಸಲಾ ಅಂತ ಕೇಳಿದ್ದೀರಿ. ಸದ್ಯ ದುಡ್ಡು ಹಾಕಬೇಡಿ. ಚಕ್ರ ಸರಿಯಾಗಿಯೇ ಉಂಟು, ಜಾಸ್ತಿ ಆಗಿದೆ ಅಷ್ಟೆ. ಐದು ತುಂಡಿಗೂ ಒಂದೊಂದು ಬೋಗಿ ಕೂರಿಸಿದ್ದೀರಿ. ಮೂರು ಸಾಕು.

ಬೋಗಿ ಅಂದೆನಲ್ಲ, ನಮ್ಮೂರಲ್ಲಿ ರೈಲಿನ ಡಬ್ಬಿಗೇ ಬೋಗಿ ಅನ್ನುತ್ತೇವೆ. ನಾನು ಹೇಳುವುದು ಡಬ್ಬಿಯ ಅಡಿಯ ನಾಲ್ಕು ಚಕ್ರದ ಗಾಡಿ. ಮಂಗಳೂರು ಸೆಂಟ್ರಲ್‌ನಲ್ಲಿ ನಿಂತ ಯಾವ ಡಬ್ಬಿ ನೋಡಿದರೂ ಅಡಿಯಲ್ಲಿ ಅಂಥ ಎರಡು ಗಾಡಿ ಇರುತ್ತವೆ. ತಿರುವಿನಲ್ಲಿ ಅವು ಡಬ್ಬಿಯ ಅಡಿಯಲ್ಲಿ ತಿರುಗುತ್ತವೆ.

ಹಳೆಯ ಜೋಡು ಟ್ರಾಮ್ ಕೂಡ ಹಾಗೆಯೇ. 1950ರ ದಶಕದಲ್ಲಿ ಜರ್ಮನಿಯ ಡ್ಯೂವಾಗ್ ಕಂಪನಿ ಮಾಡಿದ್ದರಲ್ಲಿ ಎರಡು ತುಂಡು, ಮೂರು ಬೋಗಿ. ನಡುವಿನದ್ದರ ಮೇಲೆ ಎರಡೂ ತುಂಡುಗಳ ತುದಿ ಕೂತಿರುತ್ತದೆ. ಅದಕ್ಕೆ ಯಾಕೋಬ್ಸ್ ಬೋಗಿ ಅಂತ ಹೆಸರು. ತಿರುವಿನಲ್ಲಿ ಬಹಳ ಸಲೀಸು. ಆದರೆ ಅದರಲ್ಲಿ ನೆಲ ಎತ್ತರ, ಮೆಟ್ಟಿಲು ಹತ್ತಬೇಕು.

ನೀವು ಮಾಡಿದ್ದು ಈಗಿನ ತಗ್ಗು ನೆಲದ ಟ್ರಾಮ್. ಅಸಲಿಯಲ್ಲಿ ನೆಲ ರಸ್ತೆಯಿಂದ ಸುಮಾರು 350 ಮಿಲಿಮೀಟರ್ ಎತ್ತರ. ಚಕ್ರದ ವ್ಯಾಸ ಸುಮಾರು 600. ಅಂದರೆ ಎರಡು ಚಕ್ರ ಜೋಡಿಸುವ ಸರಳು, ಅಚ್ಚು, 300ರಲ್ಲಿ ಬರುತ್ತದೆ. ಅದರ ಮೇಲೆ ಬೋಗಿಯ ಚೌಕಟ್ಟು, ಸ್ಪ್ರಿಂಗ್ ಎಲ್ಲ ಕೂರಬೇಕು. ಜಾಗ ಎಲ್ಲಿ? ಹಾಗಾಗಿ ಹಲವು ಟ್ರಾಮ್‌ಗಳಲ್ಲಿ ನಡುವಿನ ಅಚ್ಚು ತೆಗೆದು, ಚಕ್ರಗಳನ್ನು ಎರಡು ಬದಿಗೆ, ಸೀಟಿನ ಅಡಿಯ ಪೆಟ್ಟಿಗೆಗೆ ತಳ್ಳಿದರು. ನಡುವೆ ಜನ ಓಡಾಡುತ್ತಾರೆ. ಬೋಗಿ ತಿರುಗಲು ಹೋದರೆ ಚಕ್ರ ಜನರ ಕಾಲಿಗೆ ಬರುತ್ತದೆ. ಅದಕ್ಕೆ ಬೋಗಿಯನ್ನು ಹೆಚ್ಚುಕಡಿಮೆ ಬಿಗಿದೇ ಬಿಟ್ಟರು. ಬೋಗಿಯ ಬದಲು ಇಡೀ ತುಂಡೇ ತಿರುಗಲಿ ಅಂತ ಆ ತುಂಡನ್ನು ಗಿಡ್ಡ ಮಾಡಿದರು. ಒಂದು, ಮೂರು, ಐದನೇ ತುಂಡಿಗೆ ಮಾತ್ರ ಚಕ್ರ. ಎರಡು ಮತ್ತು ನಾಲ್ಕು ಅಕ್ಕಪಕ್ಕದವುಗಳ ನಡುವೆ ಸುಮ್ನೆ ತೂಗುತ್ತವೆ. ಅಗಲದ ಬಾಗಿಲು ಅಲ್ಲಿಯೇ ಇರುವುದಕ್ಕೂ ಇದೇ ಕಾರಣ, ಚಕ್ರದ ಪೆಟ್ಟಿಗೆಯ ತಂಟೆ ಇಲ್ಲ. ತೂಗುವ ತುಂಡು ಹೊಸದೇನಲ್ಲ. 1912ರ ಸುಮಾರಿಗೆ ಬಾಸ್ಟನ್‌ನಲ್ಲಿ ಎರಡು ಹಳೇ ಗಾಡಿಗಳ ನಡುವೆ ಒಂದು ಡಬ್ಬಿ ನೇತುಹಾಕಿ ಓಡಿಸಿದ್ದರು.

ರಥಬೀದಿಯಲ್ಲಿ ರಥ ತಿರುಗಿಸುವುದು ನೋಡಿದ್ದೀರಲ್ವಾ? ಚಕ್ರ ತಾನಾಗಿ ತಿರುವಿಗೆ ಬಗ್ಗುವುದಿಲ್ಲ, ಅಡಿಗೆ ಮರದ ತುಂಡು ಕೊಟ್ಟು ಕೊಟ್ಟು ದಾರಿಗೆ ತರಬೇಕು. ಬಿಗಿದ ಬೋಗಿಯೂ ಅದೇ ಜಾತಿ. ಇಲ್ಲಿ ಮರದ ತುಂಡಿನ ಕೆಲಸ ಹಳಿಯೇ ಮಾಡುತ್ತದೆ, ಚಕ್ರದ ಅಂಚನ್ನು ದೂಡಿ ದೂಡಿ. ಕೀರಲು ಸದ್ದು, ಸವೆತ ಎರಡೂ ಜಾಸ್ತಿ. ಅದು ಬೇಡ ಅಂತ ಸ್ಕೋಡಾದವರು ಪ್ರಾಗ್‌ಗೆ ಮಾಡಿದ 15ಟಿ ಟ್ರಾಮ್‌ನಲ್ಲಿ ಎಲ್ಲ ಬೋಗಿಯೂ ತಿರುಗುತ್ತದೆ, ನೆಲವೂ ತಗ್ಗು. ಹದಿನಾರು ಚಕ್ರ, ಹದಿನಾರು ಮೋಟರ್. ನನಗೆ ಅದೇ ಇಷ್ಟ, ಆದರೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು.

ಈಗ ನಿಮ್ಮ ಮಾಡೆಲ್. ತಿರುವಿನಲ್ಲಿ ಎರಡನೇ ತುಂಡನ್ನು ಅಕ್ಕಪಕ್ಕದವು ಒಂದು ಕಡೆ ಎಳೆಯುತ್ತವೆ, ಅದರ ಸ್ವಂತ ಬೋಗಿ ಹಳಿ ಹಿಡಿದು ಇನ್ನೊಂದು ಕಡೆ ಹೋಗುತ್ತದೆ. ಅದಕ್ಕೇ ಹಳಿ ಬಿಡುವುದು. 1:87 ಅಳತೆಯಲ್ಲಿ, ಅಂದರೆ ಅಸಲಿಯ 87ರಲ್ಲಿ ಒಂದು ಪಾಲಿನಲ್ಲಿ, ನೆಲ 4 ಮಿ.ಮೀ., ಚಕ್ರ 7 ಮಿ.ಮೀ. ಹತ್ತಿರ. ನಿಮ್ಮ 25 ಸೆಂ.ಮೀ. ತ್ರಿಜ್ಯ ಅಂದರೆ ಅಸಲಿಯ 22 ಮೀಟರ್‌ನಷ್ಟು. ನಿಜವಾದ ಟ್ರಾಮ್ ಅಂಥ ತಿರುವು ತಿರುಗುತ್ತದೆ, ಹಾಗಾಗಿ ಹಳಿ ಬದಲಿಸುವುದು ಬೇಡ. ಕೊಂಡಿ ಮಾತ್ರ ಬದಲಿಸಿ. ನೀವು ಎಲ್ಲ ಕಡೆ ಸಡಿಲ ಕೊಕ್ಕೆ ಹಾಕಿದ್ದೀರಿ. ಚಕ್ರ ತೆಗೆದ ಮೇಲೆ ಹಾಗೆಯೇ ಬಿಟ್ಟರೆ ಎರಡನೇ ತುಂಡು ಜೋತು ಬಿದ್ದು ನೆಲ ಕೆರೆಯುತ್ತದೆ. ಒಂದು-ಎರಡರ ನಡುವೆ, ನಾಲ್ಕು-ಐದರ ನಡುವೆ ಅಡಿಗೊಂದು ಪಿನ್, ಮಾಡಿನಲ್ಲಿ (ಚಾವಣಿಯಲ್ಲಿ) ಅದರ ನೇರಕ್ಕೇ ಇನ್ನೊಂದು ಪಿನ್ ಕೊಡಿ. ಆಗ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಮೇಲೆ ಕೆಳಗೆ ಬಗ್ಗುವುದಿಲ್ಲ. ಮೂರನೆಯದರ ಎರಡೂ ಬದಿಯಲ್ಲಿ ಅಡಿ ಪಿನ್ ಒಂದೇ ಸಾಕು, ಏರು ತಗ್ಗು ಸಿಕ್ಕಿದಾಗ ಅಲ್ಲಿ ಬಗ್ಗಲಿ. ಒಂದು ಮತ್ತು ಐದನೇ ತುಂಡಿನ ಬೋಗಿಗಳೂ ಹಿಂದೆ ಮುಂದೆ ಒಂದಿಷ್ಟು ತೂಗಲಿ.

ಮಾಡಿನ ಮೂಲೆಗಳನ್ನು ದಪ್ಪಗೆ 3ಡಿ ಪ್ರಿಂಟ್ ಮಾಡಿ. ತೂಗುವ ತುಂಡಿನ ಭಾರ, ಎಳೆತ ಎಲ್ಲ ಅಲ್ಲಿಗೇ ಬರುತ್ತದೆ. ಸೀಮೆನ್ಸ್‌ನ ಕಾಂಬಿನೋ ಟ್ರಾಮ್‌ಗಳ ಅಲ್ಯೂಮಿನಿಯಂ ಬಾಡಿಯಲ್ಲಿ ಮಾಡು ಮತ್ತು ಗೋಡೆ ಸೇರುವಲ್ಲಿ ಬಿರುಕು ಬಿಟ್ಟು, 2004ರಲ್ಲಿ ಅದು ದೊಡ್ಡ ಸುದ್ದಿಯೇ ಆಗಿತ್ತು.

ಇನ್ನೊಂದು. ಅಸಲಿಯ ಹಾಗೆ ಅಚ್ಚಿಲ್ಲದ ಬಿಡಿ ಚಕ್ರ ಹಾಕುವ ಆಸೆಗೆ ಬೀಳಬೇಡಿ. ನಾನು ಬಿದ್ದಿದ್ದೆ. ಬೈಕಂಪಾಡಿಯ ಒಂದು ಲೇತ್ ಅಂಗಡಿಯಲ್ಲಿ ಎಂಟು ಚಕ್ರ ಕಡೆಸಿದೆ. ನೇರ ಹಳಿಯಲ್ಲೂ ಒಂದು ಬದಿಗೆ ಒರಗಿಕೊಂಡೇ ಓಡಿತು. ಚಕ್ರದ ಮೈ ಸ್ವಲ್ಪ ಓರೆ ಇರುತ್ತದೆ. ಎರಡು ಚಕ್ರ ಒಂದೇ ಅಚ್ಚಿನಲ್ಲಿ ಇದ್ದರೆ ಗಾಡಿ ಬದಿಗೆ ಸರಿದಾಗ ಆ ಬದಿಯ ಚಕ್ರ ದೊಡ್ಡ ಸುತ್ತಿನಲ್ಲಿ ಉರುಳಿ ಗಾಡಿಯನ್ನು ನಡುವಿಗೆ ತರುತ್ತದೆ. ಅಚ್ಚು ತೆಗೆದರೆ ಆ ಉಪಕಾರ ಹೋಯಿತು. ಆ ಎಂಟು ಚಕ್ರ ಈಗಲೂ ಡಬ್ಬದಲ್ಲಿ ಉಂಟು, ಬೇಕಾದರೆ ತೂಕಕ್ಕೆ ಬಳಸಿ. ಒಂದು ಮತ್ತು ಐದನೇ ತುಂಡಿನ ಬೋಗಿ ಮೇಲೆ ಸ್ವಲ್ಪ ಭಾರ ಬೇಕೇ ಬೇಕು.

ಇವತ್ತು ರಾತ್ರಿ ಪಿನ್ ಕೂರಿಸಿ, ಎರಡು ಮತ್ತು ನಾಲ್ಕರ ಬೋಗಿ ಬಿಚ್ಚಿ, ಕೈಯಲ್ಲಿ ದೂಡಿ ನೋಡಿ. ಮೋಟರ್ ಆಮೇಲೆ.